ಹುತ್ತರಿ ವಾರದ ರೋಟರಿ ಮೀಟಿಂಗ್ ಮಾಡೋದು ಹೇಗೆ, ಶುರುವಿಂದ ಕೊನೆವರೆಗೆ

ಮೊನ್ನೆ ಪಕ್ಕದ ಊರಿನ ಕ್ಲಬ್ಬಿನ ಹೊಸ ಸೆಕ್ರೆಟರಿ ಫೋನ್ ಮಾಡಿದ್ರು, "ಅಣ್ಣ, ಈ ಸಲ ಒಂದು ವಾರದ ಮೀಟಿಂಗನ್ನ ಹುತ್ತರಿ ಮೀಟಿಂಗ್ ಮಾಡಿ ಅಂತ ಪ್ರೆಸಿಡೆಂಟ್ ಹೇಳಿದ್ದಾರೆ, ಎಲ್ಲಿಂದ ಶುರು ಮಾಡ್ಲಿ" ಅಂತ. ಅರ್ಧ ಗಂಟೆ ಮಾತಾಡಿದ್ರೂ ಮುಗೀಲಿಲ್ಲ, ಹಂಗಾಗಿ ಎಲ್ಲಾ ಬರೆದೇ ಇಡ್ತಿದ್ದೀನಿ. ಹುತ್ತರಿ ಅಂದ್ರೆ ಕೊಡಗಿನ ಹೊಸ ಭತ್ತದ ಸುಗ್ಗಿ ಹಬ್ಬ. ನಾನು ಬರೀತಿರೋದು ರೋಟರಿ ಲೆಕ್ಕದಲ್ಲಿ, ಲಯನ್ಸ್, ಇನ್ನರ್‌ವೀಲ್, ಜೇಸಿಯಂಥ ಬೇರೆ ಸೇವಾ ಕ್ಲಬ್ಬಿನವರಿಗೂ ಹೆಚ್ಚುಕಮ್ಮಿ ಇದೇ ನಡೆಯುತ್ತೆ, ಕೊಡಗಲ್ಲಿ ಯಾವ ಊರಾದ್ರೂ ತೊಂದ್ರೆ ಇಲ್ಲ.

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ವರ್ಷ ಪೂರ್ತಿ ಮೀಟಿಂಗಿಗೆ ಬರೋದು ಮೆಂಬರ್‌ಗಳು, ಮನೆಯವ್ರು ಮಕ್ಕಳು ಬರೋದು ಇಂಥ ಒಂದೆರಡು ದಿನ ಮಾತ್ರ. ವಾರ ವಾರ ಅಪ್ಪ ಕೋಟ್ ಹಾಕ್ಕೊಂಡು ಎಲ್ಲಿಗೆ ಹೋಗ್ತಾರೆ, ಅಮ್ಮ ಯಾಕೆ ಭಾನುವಾರ ಬೆಳಗ್ಗೆ ಕಣ್ಣಿನ ಕ್ಯಾಂಪ್ ಅಂತ ಓಡ್ತಾರೆ ಅಂತ ಆ ಮಕ್ಕಳಿಗೆ ತಿಳಿಯೋದು ಅವತ್ತೇ. ಬರೀ ಊಟ ಹಾಕಿ ಕುಣಿಸಿ ಕಳಿಸಿದ್ರೆ ಕ್ಲಬ್ ಅಂದ್ರೆ ಊಟ ಅಂತ ತಿಳ್ಕೊಂಡು ಹೋಗ್ತಾರೆ. ಬರೀ ಭಾಷಣ ಮಾಡಿಸಿದ್ರೆ ಮುಂದಿನ ವರ್ಷ ಬರೋದೇ ಇಲ್ಲ. ನಾನು ಸೆಕ್ರೆಟರಿ ಆಗಿದ್ದ ವರ್ಷ ಎರಡನೇ ತಪ್ಪು ಮಾಡಿದ್ದೆ, ಅತಿಥಿಗಳು ಐವತ್ತು ನಿಮಿಷ ಮಾತಾಡಿದ್ರು, ಮಧ್ಯದಲ್ಲಿ ಕರೆಂಟ್ ಹೋಯ್ತು, ಚಿಕ್ಕ ಮಕ್ಕಳು ಕುರ್ಚಿ ಮೇಲೇ ನಿದ್ದೆ ಹೋದ್ರು, ಊಟ ಬಡಿಸೋ ಹೊತ್ತಿಗೆ ಒಂಬತ್ತು ಮುಕ್ಕಾಲು, ಕಡಂಬುಟ್ಟು (ಹಬೇಲಿ ಬೇಯಿಸಿದ ಅಕ್ಕಿ ಉಂಡೆ) ಕಲ್ಲಾಗಿತ್ತು. ಕೆಳಗೆ ಬರೆದಿರೋದ್ರಲ್ಲಿ ಅರ್ಧ ಆ ರಾತ್ರಿ ಕಲಿತದ್ದು.

ದಿನ ಗೊತ್ತು ಮಾಡೋದು

ಹುತ್ತರಿ ಬರೋದು ನವೆಂಬರ್ ಕೊನೆ ಇಲ್ಲಾ ಡಿಸೆಂಬರ್‌ನಲ್ಲಿ, ಹುಣ್ಣಿಮೆ ಹತ್ರ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ನಿಗದಿ ಮಾಡ್ತಾರೆ, ನೆರೆ (ಎಲೆಗಳ ಕಟ್ಟು) ಕಟ್ಟೋಕೆ ಎಷ್ಟೊತ್ತು, ಕದಿರು (ಭತ್ತದ ತೆನೆ) ತೆಗೆಯೋಕೆ ಎಷ್ಟೊತ್ತು, ಊಟಕ್ಕೆ ಎಷ್ಟೊತ್ತು ಅಂತ ಗಂಟೆ ನಿಮಿಷ ಸಮೇತ ಪೇಪರಲ್ಲಿ ಬರುತ್ತೆ. ಅದು ಬರೋವರೆಗೆ ಹಾಲ್ ಬುಕ್ ಮಾಡ್ಬೇಡಿ. ಬಂದ ಮೇಲೆ ಹಬ್ಬದ ದಿನ ಬಿಟ್ಬಿಡಿ, ಅವತ್ತು ಎಲ್ಲರೂ ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲ ಮನೆಗೆ ಹೋಗಿರ್ತಾರೆ, ಕ್ಲಬ್ಬಿಗೆ ಬನ್ನಿ ಅಂತ ಕರೆಯೋದೇ ತಪ್ಪು. ಅದರ ನಂತರದ ಒಂದೆರಡು ದಿನ ಊರು ಮಂದು, ನಾಡು ಮಂದು ಅನ್ನೋ ಊರೊಟ್ಟಿನ ಬಯಲುಗಳಲ್ಲಿ ಕೋಲಾಟ ಇರುತ್ತೆ, ನಿಮ್ಮ ಮೆಂಬರ್‌ಗಳ ಮಂದು ಯಾವತ್ತು ಅಂತ ನಾಲ್ಕು ಜನಕ್ಕೆ ಫೋನ್ ಮಾಡಿ ಕೇಳ್ಕೊಳ್ಳಿ. ಅದೆಲ್ಲ ಮುಗಿದ ಮೇಲೆ ಬರೋ ಮೊದಲ ಮೀಟಿಂಗ್ ದಿನವೇ ಸರಿ. ವಾರ ಬದಲಾಯಿಸೋದಾದ್ರೆ ಬೋರ್ಡ್ ಮೀಟಿಂಗಲ್ಲಿ ಹೇಳಿ ಬದಲಾಯಿಸಿ. ಮೊದಲಿನ ಹಾಗೆ ವಾರ ತಪ್ಪಲೇಬಾರದು ಅಂತ ಈಗ ಇಲ್ಲ, 2016ರಿಂದ ತಿಂಗಳಿಗೆ ಕನಿಷ್ಠ ಎರಡು ಮೀಟಿಂಗ್ ನಡೆದ್ರೆ ಸಾಕು, ಹಂಗಾಗಿ ಹಬ್ಬದ ವಾರ ಖಾಲಿ ಬಿಟ್ಟು ಮುಂದಿನ ವಾರ ದೊಡ್ಡದಾಗಿ ಮಾಡೋದಕ್ಕೆ ಅಡ್ಡಿ ಇಲ್ಲ.

ಇನ್ನೊಂದು, ಅದು ಅರೇಬಿಕಾ ಕೊಯ್ಯೋ ಕಾಲ. ಬೆಳಗ್ಗೆ ಏಳಕ್ಕೆ ಎದ್ದು ಆಳು ಹಿಡಿದು, ಸಂಜೆ ಹಣ್ಣು ಅಳೆದು, ಪಲ್ಪಿಂಗ್ ಮಾಡಿಸಿ ಮನೆಗೆ ಬರೋ ತೋಟದವರು ಆರು ಗಂಟೆಗೆ ಹಾಲಲ್ಲಿ ಇರ್ಬೇಕು ಅಂದ್ರೆ ಆಗಲ್ಲ. ಏಳಕ್ಕೆ ಮೀಟಿಂಗ್ ಶುರುವಿನ ಬೆಲ್ ಇಡಿ.

ಜಾಗ

ರೋಟರಿ ಅನ್ನೋ ಹೆಸರೇ ಜಾಗ ಸುತ್ತಿಸ್ತಿದ್ದದ್ರಿಂದ ಬಂದಿದ್ದು. 1905ರ ಫೆಬ್ರವರಿ 23ಕ್ಕೆ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲರು ಮೂರು ಜನ ಸ್ನೇಹಿತರ ಜೊತೆ ಶುರು ಮಾಡಿದಾಗ ಒಂದೊಂದು ಸಲ ಒಬ್ಬೊಬ್ಬರ ಆಫೀಸಲ್ಲಿ ಸೇರ್ತಿದ್ರು. ಹಂಗಾಗಿ ವರ್ಷಕ್ಕೊಂದು ಸಲ ಹೋಟೆಲ್ ಹಾಲ್ ಬಿಟ್ಟು ಮೆಂಬರ್ ಒಬ್ಬರ ಮನೇಲಿ ಮಾಡಿದ್ರೆ ತುಂಬ ಚಂದ ಇರುತ್ತೆ, ನನಗಂತೂ ಅದೇ ಇಷ್ಟ. ಆದ್ರೆ ಡಿಸೆಂಬರಲ್ಲಿ ಕಣದಲ್ಲಿ ಶಾಮಿಯಾನ ಹಾಕೋಣ ಅಂತ ಮಾತ್ರ ಕೇಳ್ಬೇಡಿ. ಕಣ ಪೂರ್ತಿ ಕಾಫಿ ಹರಡಿರುತ್ತೆ, ಪಾಪ ಅವರಿಗೆ ಇಲ್ಲ ಅನ್ನೋಕೂ ಆಗಲ್ಲ, ಕಾಫಿ ಗುಡ್ಡೆ ಮಾಡಿ ಜಾಗ ಕೊಡ್ತಾರೆ, ಆಮೇಲೆ ಹಸಿ ಕಾಫಿ ಬಿಸಿಯಾಗಿ ಹಾಳಾದ್ರೆ ಯಾರು ಹೊಣೆ. ಮನೆ ಅಂಗಳ ದೊಡ್ಡದಿದ್ರೆ ನೋಡಿ, ಇಲ್ಲಾಂದ್ರೆ ಕ್ಲಬ್ ಹಾಲೋ ಕೊಡವ ಸಮಾಜದಂಥ ಕಟ್ಟಡವೋ ಸಾಕು. ಮೂರು ವಿಷಯ ಮಾತ್ರ ನೋಡ್ಕೊಳ್ಳಿ: ಹೊರಗಡೆ ಕೋಲಾಟಕ್ಕೆ ಸ್ವಲ್ಪ ಸಮತಟ್ಟು ಜಾಗ, ಜನರೇಟರ್ ಇದ್ದು ಅದರಲ್ಲಿ ಡೀಸೆಲ್ ಕೂಡ ಇರೋದು, ವಯಸ್ಸಾದವರು ಹತ್ತೋಕೆ ಜಾಸ್ತಿ ಮೆಟ್ಟಿಲು ಇಲ್ಲದಿರೋದು. ಡಿಸೆಂಬರ್ ರಾತ್ರಿ ಚಳಿ ಇರುತ್ತೆ, ಹೊರಗೆ ಕೂರಿಸೋದಾದ್ರೆ ಒಂದೆರಡು ಕಡೆ ಬೆಂಕಿ ಹಾಕಿಸಿ.

ದುಡ್ಡು

ಇದನ್ನ ಬೇಗ ಹೇಳಿ ಮುಗಿಸ್ತೀನಿ, ಆದ್ರೆ ಇದರಲ್ಲಿ ರಾಜಿ ಬೇಡ. ಪ್ರಾಜೆಕ್ಟ್ ಅಕೌಂಟಿನ ಒಂದು ರೂಪಾಯಿ ಕೂಡ ಹಬ್ಬದ ಊಟಕ್ಕೆ ಹೋಗಬಾರದು. ಜನ ಅದನ್ನ ಕೊಟ್ಟಿರೋದು ಡಯಾಲಿಸಿಸ್‌ಗೆ, ಶಾಲೆ ಶೌಚಾಲಯಕ್ಕೆ, ಊಟಕ್ಕಲ್ಲ. ತಲೆಗೆ ಇಷ್ಟು ಅಂತ ಮೆಂಬರ್‌ಗಳ ಹತ್ರ ಮೊದ್ಲೇ ತಗೊಳ್ಳಿ, ಹತ್ತು ವರ್ಷದ ಕೆಳಗಿನ ಮಕ್ಕಳಿಗೆ ಬೇಡ. ಯಾರಾದ್ರೂ "ಊಟ ನನ್ನ ಲೆಕ್ಕ" ಅಂದ್ರೆ ಸಂತೋಷ, ಒಪ್ಕೊಳ್ಳಿ, ಉಳಿದ ದುಡ್ಡು ಏನು ಮಾಡ್ತೀರಿ ಅಂತ ಅವತ್ತೇ ಮೈಕಲ್ಲಿ ಹೇಳಿ.

ಕದಿರು, ದೀಪ, ಎಷ್ಟು ಮಾಡ್ಬೇಕು ಎಷ್ಟು ಬಿಡ್ಬೇಕು

ಇಲ್ಲಿ ಸ್ವಲ್ಪ ಯೋಚನೆ ಮಾಡ್ಬೇಕು. ಹುತ್ತರಿ ಅಂದ್ರೆ ಸ್ಟೇಜ್ ಪ್ರೋಗ್ರಾಂ ಅಲ್ಲ, ಗದ್ದೆಗೆ ಹೋಗಿ ಗುಂಡು ಹಾರಿಸಿ, ಹೊಸ ಭತ್ತದ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಅಂತ ಕೂಗ್ತಾ ಮನೆಗೆ ತಂದು ಕಂಬಕ್ಕೆ ಬಾಗಿಲಿಗೆ ಕಟ್ಟಿ, ಹೊಸಕ್ಕಿ ಹಾಕಿ ಪಾಯಸ ಮಾಡಿ ಮನೆಮಂದಿ ಎಲ್ಲ ಒಟ್ಟಿಗೆ ಉಣ್ಣೋ ಹಬ್ಬ. ಅದನ್ನ ಹಾಲಲ್ಲಿ ಥರ್ಮೋಕೋಲ್ ಗದ್ದೆ ಮಾಡಿ ನಾಟಕದ ಹಾಗೆ ತೋರಿಸೋದು ನನಗೆ ಸರಿ ಕಾಣಲ್ಲ, ಹಿರಿಯರಿಗೆ ನೋವಾಗುತ್ತೆ. ಕ್ಲಬ್ಬಲ್ಲಿ ಕೊಡವರು ಇರ್ತಾರೆ, ಅರೆಭಾಷೆ ಗೌಡರು ಇರ್ತಾರೆ, ಅವರಿಗೂ ಹುತ್ತರಿ ಇದೆ, ಮಲಯಾಳಿಗಳು, ಬ್ಯಾರಿಗಳು, ಕ್ರಿಶ್ಚಿಯನ್ನರು, ಬಯಲುಸೀಮೆಯಿಂದ ಬಂದ ಬ್ಯಾಂಕ್ ಮ್ಯಾನೇಜರ್ ಎಲ್ಲ ಇರ್ತಾರೆ. ಪೂಜೆ ಮಾಡೋದು ಮನೆಯವರ ಹಕ್ಕು, ಕ್ಲಬ್ಬಿನ ಕೆಲಸ ಹಂಚ್ಕೊಳ್ಳೋದು.

ಹಾಗಾದ್ರೆ ಏನು ಮಾಡ್ಬೇಕು ಅಂದ್ರೆ, ಗದ್ದೆ ಇರೋ ಮೆಂಬರ್ ಒಬ್ಬರಿಗೆ ಮೊದ್ಲೇ ಹೇಳಿ, ಹಬ್ಬ ಆದ ಮೇಲೆ ನಾಲ್ಕು ಹಿಡಿ ಕದಿರು ತರಿಸ್ಕೊಳ್ಳಿ. ಹಾಲ್ ಬಾಗಿಲಿಗೆ ಒಂದು ಕಟ್ಟಿ, ಉಳಿದದ್ದು ದೀಪದ ಹತ್ರ ಇಡಿ, ಹೋಗುವಾಗ ಒಂದೊಂದು ಮನೆಗೆ ಎರಡೆರಡು ತೆನೆ ಕೊಡಿ. ಈಗ ಎಷ್ಟೋ ಗದ್ದೆ ಪಾಳು ಬಿದ್ದಿದೆ, ಕೆಲವು ಕಡೆ ತೋಟ ಆಗಿದೆ, ಟೌನಲ್ಲಿ ಹುಟ್ಟಿದ ಮಕ್ಕಳು ಭತ್ತದ ತೆನೆ ಕೈಯಲ್ಲಿ ಹಿಡಿದಿರೋದೇ ಇಲ್ಲ, ಅವರು ತೆನೆ ಉಜ್ಜಿ ಕಾಳು ಬಿಡಿಸಿ ನೋಡೋದನ್ನ ನೋಡಿದ್ರೆ ಅಷ್ಟು ಖುಷಿ ಆಗುತ್ತೆ. ಕೋವಿ ತರೋದು ಬೇಡ, ನಿಮ್ಮ ಹತ್ರ ಲೈಸೆನ್ಸಿನ ಏನೇ ವಿನಾಯ್ತಿ ಇದ್ರೂ ಸರಿ, ನೂರು ಜನ ಮಕ್ಕಳು ಓಡಾಡೋ ಜಾಗ ಅದು.

ಹಿರಿಯರೊಬ್ಬರನ್ನ ಮೊದ್ಲೇ ಹೋಗಿ ಕಂಡು "ಕ್ಲಬ್ಬಲ್ಲಿ ಹೀಗೆ ಮಾಡೋಣ ಅಂತಿದ್ದೀವಿ, ತಪ್ಪಿದ್ರೆ ಹೇಳಿ" ಅಂತ ಕೇಳಿ. ಅವರನ್ನೇ ಅವತ್ತು ದೀಪ ಹಚ್ಚೋಕೆ ಕರೀರಿ. ವಾಲಗದವರು (ಕುಣಿತಕ್ಕೆ ವಾದ್ಯ ನುಡಿಸೋರು) ಆ ವಾರ ಸಿಗೋದು ಕಷ್ಟ, ಎಲ್ಲ ಮಂದುಗಳಲ್ಲೂ ಅವರೇ ಬೇಕು, ಹಂಗಾಗಿ ದಿನ ಗೊತ್ತಾದ ಸಂಜೆಯೇ ಅಡ್ವಾನ್ಸ್ ಕೊಟ್ಟು ಹೇಳಿ ಬಿಡಿ.

ಊಟ

ಲೆಕ್ಕ ಮೊದ್ಲು. ವಾಟ್ಸಾಪ್ ಗ್ರೂಪಲ್ಲಿ ಹೆಬ್ಬೆರಳು ಎತ್ತಿದವರೆಲ್ಲ ಬರಲ್ಲ, ಸುಮ್ಮನಿದ್ದವರು ಐದು ಜನ ಸಮೇತ ಬರ್ತಾರೆ. ನಾಲ್ಕು ದಿನ ಮೊದ್ಲು ಮೆಂಬರ್‌ಗಳನ್ನ ಹಂಚ್ಕೊಂಡು ಫೋನ್ ಮಾಡಿ, ದೊಡ್ಡವರೆಷ್ಟು, ಮಕ್ಕಳೆಷ್ಟು, ಹಂದಿ ತಿನ್ನದವರೆಷ್ಟು, ಸಸ್ಯಾಹಾರಿಗಳೆಷ್ಟು ಅಂತ ನಾಲ್ಕು ಕಾಲಂ ಬರ್ಕೊಳ್ಳಿ. ಬಂದ ಲೆಕ್ಕಕ್ಕೆ ನೂರಕ್ಕೆ ಹತ್ತು ಸೇರಿಸಿ ಅಡುಗೆಯವರಿಗೆ ಹೇಳಿ.

ಟೇಬಲ್ ಮೂರು ಕಡೆ ಇರ್ಲಿ. ಒಂದು ಸಸ್ಯಾಹಾರಕ್ಕೆ, ಒಂದು ಕೋಳಿಗೆ, ಒಂದು ಪಂದಿಕರಿಗೆ (ಹಂದಿ ಸಾರು), ಮತ್ತೆ ಪಂದಿಕರಿ ಟೇಬಲ್ ಸ್ವಲ್ಪ ದೂರ ಇರ್ಲಿ, ಸೌಟು ಪಾತ್ರೆ ಬಡಿಸೋರು ಎಲ್ಲ ಬೇರೆ. ಕೋಳಿಯನ್ನ ಹಲಾಲ್ ಅಂಗಡಿಯಿಂದಲೇ ತರಿಸಿ, ಆ ವಿಷಯ ಮುಸ್ಲಿಂ ಸ್ನೇಹಿತರಿಗೆ ನೀವೇ ಮೊದ್ಲು ಹೇಳಿ, ಅವರು ಕೇಳೋವರೆಗೆ ಕಾಯ್ಬೇಡಿ. ಪ್ರತಿ ಪಾತ್ರೆ ಮುಂದೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿಡಿ. ಒಂದು ವರ್ಷ ನಮ್ಮ ಮೆಂಬರ್ ಒಬ್ಬರು ತಟ್ಟೆ ಹಿಡ್ಕೊಂಡು ಯಾವುದು ಏನು ಅಂತ ಗೊತ್ತಾಗದೆ ಬರೀ ಮೊಸರನ್ನ ತಿಂದು ಹೋದ್ರು, ಮರುದಿನ ಗೊತ್ತಾಗಿ ನಮಗೆಲ್ಲ ತುಂಬ ಬೇಜಾರಾಯ್ತು.

ಏನು ಮಾಡಿಸ್ಬೇಕು ಅಂದ್ರೆ ಕಡಂಬುಟ್ಟು, ಅಕ್ಕಿ ರೊಟ್ಟಿ, ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಇವುಗಳಲ್ಲಿ ಎರಡು ಸಾಕು. ಕಡಂಬುಟ್ಟು ಆರಿದ್ರೆ ಗಟ್ಟಿ ಆಗುತ್ತೆ, ಅದನ್ನ ಅಲ್ಲೇ ಹಬೇಲಿ ಇಟ್ಟು ಬಡಿಸೋ ವ್ಯವಸ್ಥೆ ಇದ್ರೆ ಮಾತ್ರ ಹೇಳಿ. ಪಂದಿಕರಿಗೆ ಹುಳಿಗೆ ಹಾಕೋ ಕಾಚಂಪುಳಿ ಮನೇಲಿ ಕಾಯಿಸಿದ್ದು ಯಾರ ಹತ್ರ ಇದೆ ಕೇಳಿ, ಒಂದು ಬಾಟ್ಲಿ ಖಂಡಿತ ಸಿಗುತ್ತೆ. ಸಸ್ಯಾಹಾರಕ್ಕೆ ಕುಂಬಳಕಾಯಿ ಕರಿ, ಕಡ್ಲೆ ಕರಿ ಮಾಡಿಸಿ, ಕಣಿಲೆ (ಎಳೆ ಬಿದಿರು) ಬೇಕು ಅಂತ ಹಟ ಮಾಡ್ಬೇಡಿ, ಅದು ಮಳೆಗಾಲದ್ದು. ಪಾಯಸ ಹೊಸಕ್ಕಿಯದ್ದೇ ಆಗ್ಲಿ.

ತಂಬಿಟ್ಟು ಮಾತ್ರ ಅಡುಗೆಯವರಿಗೆ ಬಿಡ್ಬೇಡಿ, ಮೆಂಬರ್‌ಗಳ ಮನೆಯವ್ರು ಸೇರಿ ಮಾಡಿದ್ರೇ ಚೆನ್ನ. ಕುಸುಬಲಕ್ಕಿ ಹುರಿದು, ಜೊತೆಗೆ ಸ್ವಲ್ಪ ಮೆಂತ್ಯ, ಏಲಕ್ಕಿ ಹಾಕಿ ನುಣ್ಣಗೆ ಪುಡಿ ಮಾಡ್ಕೊಳ್ಳೋದು, ಸಿಪ್ಪೆ ಕಪ್ಪಾಗೋಷ್ಟು ಹಣ್ಣಾದ ಬಾಳೆಹಣ್ಣು ಚೆನ್ನಾಗಿ ಕಿವುಚಿ ಅದಕ್ಕೆ ಪುಡಿ ಹಾಕ್ತಾ ಗಂಟಿಲ್ಲದ ಹಾಗೆ ಕಲಸೋದು, ಮೇಲಿಂದ ತೆಂಗಿನ ತುರಿ, ಹುರಿದ ಎಳ್ಳು, ತುಪ್ಪ. ನೂರು ಜನಕ್ಕೆ ಒಂದೊಂದು ಉಂಡೆಯಷ್ಟು ಅಂದ್ರೆ ನಮಗೆ ಎರಡು ಕಿಲೋ ಪುಡಿ, ಐದು ಕಿಲೋ ಬಾಳೆಹಣ್ಣು ಆಗಿತ್ತು. ಹಣ್ಣನ್ನ ಒಂದು ವಾರ ಮೊದ್ಲೇ ತಂದು ಇಡ್ಬೇಕು, ಅವತ್ತು ಬೆಳಗ್ಗೆ ಅಂಗಡಿಗೆ ಹೋದ್ರೆ ಅಷ್ಟು ಹಣ್ಣಾಗಿರೋದು ಸಿಗಲ್ಲ. ಇದರ ಜೊತೆ ಹುತ್ತರಿ ಗೆಣಸು ಬೇಯಿಸಿ ಜೇನು ಇಡಿ. ಈ ಎರಡನ್ನ ಊಟದ ಜೊತೆ ಕೊಡ್ಬೇಡಿ, ಆರೂವರೆಗೆ ಬರ್ತಿದ್ದ ಹಾಗೇ ಕಾಫಿ ಜೊತೆ ಕೊಡಿ. ಮಕ್ಕಳ ಹೊಟ್ಟೆ ತುಂಬಿದ್ರೆ ಮುಂದಿನ ಒಂದು ಗಂಟೆ ಮೀಟಿಂಗ್ ತಾನಾಗೇ ಸುಸೂತ್ರ ಆಗುತ್ತೆ.

ಫೆಲೋಶಿಪ್ ಅಂತ ಮದ್ಯದ ಗ್ಲಾಸ್ ಇಡೋ ಪದ್ಧತಿ ನಿಮ್ಮ ಕ್ಲಬ್ಬಲ್ಲಿ ಇದ್ರೆ ಕೊನೆ ಬೆಲ್ ಆದ ಮೇಲೆ, ಮಕ್ಕಳಿಂದ ಬೇರೆ ಕಡೆ. ಅಬಕಾರಿ ಪರ್ಮಿಟ್ ಬಗ್ಗೆ ಹಾಲಿನವರನ್ನ ಮೊದ್ಲೇ ಕೇಳಿ. ಕುಡಿದವರು ಗಾಡಿ ಓಡಿಸೋ ಹಾಗಿಲ್ಲ, ಯಾರು ಯಾರನ್ನ ಮನೆಗೆ ಬಿಡ್ತಾರೆ ಅಂತ ಸಾರ್ಜೆಂಟ್ (ಮೀಟಿಂಗಿನ ಶಿಸ್ತು ನೋಡ್ಕೊಳ್ಳೋ ಮೆಂಬರ್) ಒಂದು ಚೀಟಿ ಬರೆದಿಟ್ಕೊಳ್ಳಲಿ.

ಬೆಲ್‌ನಿಂದ ಬೆಲ್‌ಗೆ ಒಂದು ಗಂಟೆ

ಏಳಕ್ಕೆ ಪ್ರೆಸಿಡೆಂಟ್ ಬೆಲ್ ಹೊಡೀಲೇಬೇಕು, ಹಾಲಲ್ಲಿ ಇಪ್ಪತ್ತೇ ಜನ ಇದ್ರೂ ಸರಿ. ಪ್ರಾರ್ಥನೆ, ದೀಪ, ಸ್ವಾಗತ ಎಲ್ಲ ಸೇರಿ ಏಳೂ ಹತ್ತರ ಒಳಗೆ. ಸ್ವಾಗತ ಮಾಡೋರು ವೇದಿಕೆ ಮೇಲಿನ ರೋಟರಿ ಅಸಿಸ್ಟೆಂಟ್ ಗವರ್ನರ್, ವಲಯ ಸೇನಾನಿ, ಮಾಜಿ ಅಧ್ಯಕ್ಷರು ಅಂತ ಅವರೆಲ್ಲರ ಬಿರುದು ಓದ್ತಾ ಹೋದ್ರೆ ಅಲ್ಲೇ ಕಾಲು ಗಂಟೆ ಹೋಗುತ್ತೆ, ಒಬ್ಬೊಬ್ಬರಿಗೆ ಒಂದು ಸಾಲು ಅಂತ ಮೊದ್ಲೇ ಬರೆದು ಕೊಡಿ. ಶಾಲು ಹಾರ ಬೇಡ, ಒಂದೊಂದು ಕದಿರು ಕೈಗೆ ಕೊಡಿ, ಅದಕ್ಕಿಂತ ದೊಡ್ಡ ಗೌರವ ಆ ವಾರ ಇಲ್ಲ.

ಆಮೇಲೆ ಫೋರ್ ವೇ ಟೆಸ್ಟ್, ಅಂದ್ರೆ ರೊಟೇರಿಯನ್ನರು ತಮ್ಮನ್ನೇ ಕೇಳ್ಕೊಳ್ಳೋ ನಾಲ್ಕು ಪ್ರಶ್ನೆ. ಇದನ್ನ 1932ರಲ್ಲಿ ಹರ್ಬರ್ಟ್ ಟೇಲರ್ ಅನ್ನೋ ರೊಟೇರಿಯನ್ ಮುಳುಗೋ ಹಂತದಲ್ಲಿದ್ದ ಪಾತ್ರೆ ಕಂಪನಿಯೊಂದನ್ನ ಎತ್ತಿ ನಿಲ್ಲಿಸೋಕೆ ಬರ್ಕೊಂಡಿದ್ದು. ವಾರ ವಾರ ನಾವು ಇಂಗ್ಲಿಷಲ್ಲಿ ಬಾಯಿಪಾಠ ಒಪ್ಪಿಸ್ತೀವಿ. ಅವತ್ತು ಒಂದು ಮಗು ಕೈಯಲ್ಲಿ ಕನ್ನಡದಲ್ಲಿ ಓದಿಸಿ: ಇದು ನಿಜವಾ, ಎಲ್ಲರಿಗೂ ನ್ಯಾಯವಾ, ಇದರಿಂದ ಸ್ನೇಹ ವಿಶ್ವಾಸ ಬೆಳೆಯುತ್ತಾ, ಎಲ್ಲರಿಗೂ ಒಳ್ಳೇದಾಗುತ್ತಾ. ನಮ್ಮಲ್ಲಿ ಆರನೇ ಕ್ಲಾಸಿನ ಹುಡುಗಿ ಓದಿದಾಗ ಹಿಂದಿನ ಸಾಲಲ್ಲಿ ಕೂತ ಅಜ್ಜಿಯೊಬ್ಬರು "ಇಷ್ಟೇನಾ, ಒಳ್ಳೇ ಮಾತಲ್ವಾ" ಅಂದ್ರು. ಅವರ ಮಗ ಇಪ್ಪತ್ತು ವರ್ಷದಿಂದ ಮೆಂಬರ್.

ಏಳೂ ಕಾಲಿಂದ ಏಳೂವರೆ ಅತಿಥಿ ಮಾತು, ಹದಿನೈದು ನಿಮಿಷ, ವಿಷಯ ಹುತ್ತರಿ ಮತ್ತೆ ಗದ್ದೆ. ದೊಡ್ಡ ಹುದ್ದೆಯವರನ್ನ ಹುಡುಕ್ಬೇಡಿ, ಈಗಲೂ ಗದ್ದೆ ಮಾಡ್ತಿರೋ ಒಬ್ಬ ಅಕ್ಕನೋ ಅಣ್ಣನೋ ಬಂದು ಈ ವರ್ಷ ನಾಟಿಗೆ ಆಳು ಸಿಕ್ತಾ, ಆನೆ ಗದ್ದೆಗೆ ಇಳೀತಾ ಅಂತ ಹೇಳಿದ್ರೆ ಎಲ್ಲರೂ ಕಿವಿ ಕೊಡ್ತಾರೆ. ಹನ್ನೆರಡನೇ ನಿಮಿಷಕ್ಕೆ ಸಾರ್ಜೆಂಟ್ ಒಂದು ಚೀಟಿ ಕೊಡ್ತಾರೆ ಅಂತ ಅವರಿಗೆ ಮನೇಲೇ ಹೇಳಿ ಕರ್ಕೊಂಡು ಬನ್ನಿ, ಆಗ ಬೇಜಾರು ಮಾಡ್ಕೊಳ್ಳಲ್ಲ.

ಮುಂದಿನ ಹದಿನೈದು ನಿಮಿಷ ಕ್ಲಬ್ಬಿನ ಕೆಲಸಕ್ಕೆ, ಈ ಮೀಟಿಂಗಿನ ತಿರುಳೇ ಇದು. ಸೆಕ್ರೆಟರಿ ರಿಪೋರ್ಟ್ ಓದೋದು ಬೇಡ. ಐದಾರು ಫೋಟೋ ಗೋಡೆ ಮೇಲೆ ಹಾಕಿ, ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಿ. ಡಿಸೆಂಬರ್ ತಿಂಗಳು ರೋಟರಿಯಲ್ಲಿ ರೋಗ ತಡೆ ಮತ್ತು ಚಿಕಿತ್ಸೆಗೆ ಮೀಸಲು, ಹಂಗಾಗಿ ಪೋಲಿಯೋ ಕಥೆ ಹೇಳಿ: 1985ರಲ್ಲಿ ರೋಟರಿ ಜಗತ್ತಿನಾದ್ಯಂತ ಪೋಲಿಯೋ ಹನಿಯ ಕೆಲಸಕ್ಕೆ ಇಳಿದಿದ್ದು, ನಮ್ಮ ದೇಶದ ಕೊನೇ ಕೇಸ್ 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿಗೆ ಬಂದಿದ್ದು, 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿದ್ದು. ಆಮೇಲೆ "ಬೂತಲ್ಲಿ ಕೂತು ಹನಿ ಹಾಕಿದವ್ರು, ಮಕ್ಕಳ ಬೆರಳಿಗೆ ಗುರುತು ಹಾಕಿದವ್ರು ಎದ್ದು ನಿಲ್ಲಿ" ಅನ್ನಿ. ಎದ್ದು ನಿಲ್ಲೋದು ಆ ಮಕ್ಕಳ ಅಜ್ಜ, ಅಜ್ಜಿ, ಅಪ್ಪ. ಯಾವ ಭಾಷಣವೂ ಬೇಡ ಆಗ.

ಹಿಂದೆಲ್ಲ ಮೆಂಬರ್‌ಗಳ ಹೆಂಡತಿಯರನ್ನ ಆನ್ಸ್ ಅಂತ, ಮಕ್ಕಳನ್ನ ಆನೆಟ್ಸ್ ಅಂತ ಕರೆದು ಒಂದು ಹಾಡು ಹೇಳಿಸಿ ಕೂರಿಸ್ತಿದ್ರು. 1989ರಿಂದ ಹೆಂಗಸರು ಮೆಂಬರ್‌ಗಳೇ ಆಗ್ತಿದ್ದಾರೆ, ಪ್ರೆಸಿಡೆಂಟ್ ಆಗಿ ಕ್ಲಬ್ ನಡೆಸ್ತಿದ್ದಾರೆ, ಹಂಗಾಗಿ ಬಂದ ಮನೆಯವರಿಗೆ ಮನರಂಜನೆ ಮಾತ್ರ ಕೊಡ್ಬೇಡಿ, ಕೆಲಸ ಕೊಡಿ. ನಾವು ಮಾಡೋದು ರಕ್ತದ ಪುಸ್ತಕ. ಬಾಗಿಲ ಹತ್ರ ಒಂದು ರಿಜಿಸ್ಟರ್ ಇಟ್ಟು ಕಾಲೇಜಿನ ಇಬ್ಬರು ಮಕ್ಕಳನ್ನ ಕೂರಿಸಿ, 18ರಿಂದ 65 ವರ್ಷದ ಒಳಗಿನವರು, ತೂಕ 45 ಕಿಲೋ ಮೇಲಿರೋರು, ಹೆಸರು, ಗುಂಪು, ಫೋನ್ ನಂಬರ್, ಕೊನೇ ಸಲ ಕೊಟ್ಟ ತಾರೀಕು ಬರೆಸಿ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಬೇಕು, ಅದಕ್ಕೇ ತಾರೀಕು ಮುಖ್ಯ. ಹಬ್ಬದ ರಾತ್ರಿ ರಕ್ತ ತೆಗೆಯೋ ಕ್ಯಾಂಪ್ ಇಡ್ಬೇಡಿ, ಹೆಸರು ಮಾತ್ರ. ರಾತ್ರಿ ಹೊತ್ತು ಮಡಿಕೇರಿ ಆಸ್ಪತ್ರೆಯಿಂದ ಯಾರೋ ಅಳ್ತಾ ಫೋನ್ ಮಾಡಿದಾಗ ಈ ಪುಸ್ತಕ ಎಷ್ಟು ಬೆಲೆ ಬಾಳುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ.

ಕೊನೇಲಿ ಸಾರ್ಜೆಂಟ್ ಡಬ್ಬಿ ಸುತ್ತಲಿ, ಹುಟ್ಟುಹಬ್ಬ, ಮದುವೆ ದಿನ, ಮಗಳಿಗೆ ಕೆಲಸ ಸಿಕ್ಕಿದ್ದು, ಏನೇ ಖುಷಿ ಇದ್ರೂ ಹೇಳಿ ದುಡ್ಡು ಹಾಕೋದು. ಡಬ್ಬಿ ಯಾವುದಕ್ಕೆ ಅಂತ ಮೊದ್ಲೇ ಹೇಳಿ. ನಮ್ಮದು ಆಶ್ರಮ ಶಾಲೆ ಮಕ್ಕಳ ಕಂಬಳಿಗೆ. ಇಲ್ಲಿ ಒಂದು ವಿನಂತಿ, ಆ ಮಕ್ಕಳನ್ನ ಹಾಲಿಗೆ ಕರೆಸಿ, ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ, ಕಂಬಳಿ ಕೊಟ್ಟು ಫೋಟೋ ತೆಗೆಸೋ ಕೆಲಸ ದಯವಿಟ್ಟು ಬೇಡ. ನಿಮ್ಮ ಮಕ್ಕಳು ಹೊಸ ಬಟ್ಟೆ ಹಾಕ್ಕೊಂಡು ಕೆಳಗೆ ಕೂತಿರ್ತಾರೆ, ಅವರ ವಯಸ್ಸಿನದ್ದೇ ಮಗು ಮೇಲೆ ಕೈ ಚಾಚಿ ನಿಂತಿರುತ್ತೆ. ನಾವೇ ಹೋಗಿ ಕೊಟ್ಟು ಬರೋಣ, ಅವರ ಜೊತೆ ಕೂತು ಊಟ ಮಾಡೋಣ.

ವಂದನಾರ್ಪಣೆ ಎರಡು ನಿಮಿಷ, ರಾಷ್ಟ್ರಗೀತೆ, ಎಂಟಕ್ಕೆ ಬೆಲ್.

ಆಮೇಲಿನ ಒಂದೂವರೆ ಗಂಟೆ

ಬೆಲ್ ಆದ ತಕ್ಷಣ ಹೊರಗೆ ವಾಲಗ ಶುರು ಆಗ್ಲಿ. ಕೋಲಾಟ ಗೊತ್ತಿರೋ ಎಂಟು ಹತ್ತು ಜನ ಮೊದ್ಲು ಆಡಿ ತೋರಿಸಲಿ, ಆಮೇಲೆ ಯಾರು ಬೇಕಾದ್ರೂ ಬರ್ಲಿ, ವಾಲಗಕ್ಕೆ ಕುಣಿಯೋಕೆ ಕಲೀಬೇಕು ಅಂತೇನಿಲ್ಲ. ಎಂಟೂ ಕಾಲಿಗೇ ಊಟ ತೆರೆದಿಡಿ, ಕುಣಿಯೋರು ಕುಣೀಲಿ ಉಣ್ಣೋರು ಉಣ್ಲಿ. ಹತ್ತು ಗಂಟೆ ಮೇಲೆ ಮೈಕ್ ಹಾಕೋ ಹಾಗಿಲ್ಲ, ಅದು ಕಾನೂನು, ಆದ್ರೆ ನಮ್ಮ ಕಡೆ ಅದಕ್ಕಿಂತ ಮೊದ್ಲೇ ಮುಗಿಸೋಕೆ ಬೇರೆ ಕಾರಣ ಇದೆ. ಸಿದ್ದಾಪುರ, ತಿತಿಮತಿ, ಮಾಲ್ದಾರೆ ಕಡೆ ತೋಟದ ರಸ್ತೇಲಿ ರಾತ್ರಿ ಆನೆ ನಿಂತಿರುತ್ತೆ, ಬೈಕಲ್ಲಿ ಬಂದವರಿಗೆ ತುಂಬ ಅಪಾಯ. ಒಂಬತ್ತೂವರೆಗೆ ಎಲ್ಲರೂ ಹೊರಡೋ ಹಾಗೆ ನೋಡ್ಕೊಳ್ಳಿ, ಒಂದೇ ದಾರಿಯವರು ಒಟ್ಟಿಗೆ ಹೋಗ್ಲಿ, ಬೈಕಿನವರನ್ನ ಕಾರಲ್ಲಿ ಕೂರಿಸಿ, ಬೈಕ್ ಅಲ್ಲೇ ಇರ್ಲಿ. ಮನೆ ಮುಟ್ಟಿದ ಮೇಲೆ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ ಅಂತ ಹೇಳಿ, ನೆಟ್‌ವರ್ಕ್ ಇಲ್ಲದ ಕಡೆಯವರಿಗೆ ಸೆಕ್ರೆಟರಿ ಬೆಳಗ್ಗೆ ಎದ್ದು ಲ್ಯಾಂಡ್‌ಲೈನಿಗೋ ಪಕ್ಕದ ಮನೆಗೋ ಫೋನ್ ಮಾಡ್ಲಿ.

ಕ್ಲಬ್ಬಲ್ಲಿ ಆ ವರ್ಷ ಸಾವಾಗಿದ್ರೆ, ಇಲ್ಲಾ ಊರಿಗೇ ಕಷ್ಟ ಬಂದಿದ್ರೆ, ವಾಲಗ ಬಿಟ್ಟುಬಿಡಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಎಷ್ಟೋ ಜನ ಮನೆ ಗದ್ದೆ ಎಲ್ಲ ಕಳ್ಕೊಂಡ ವರ್ಷ ನಾವು ದೀಪ, ಪಾಯಸ ಇಷ್ಟೇ ಮಾಡಿದ್ದು, ಅದೇ ಸರಿ ಅನ್ನಿಸ್ತು.

ಮರುದಿನ

ಪಾತ್ರೆ ಲೆಕ್ಕ, ಹಾಲಿನ ಬಾಕಿ, ಡಬ್ಬಿ ದುಡ್ಡು ಎಣಿಸಿ ಗ್ರೂಪಲ್ಲಿ ಹಾಕೋದು ಇವೆಲ್ಲ ಮಧ್ಯಾಹ್ನದ ಮೇಲೆ ಆದ್ರೂ ನಡೆಯುತ್ತೆ. ಬೆಳಗ್ಗೆ ಮೊದಲ ಕೆಲಸ ಬೇರೆ. ಪ್ರತಿ ಕ್ಲಬ್ಬಲ್ಲೂ ಹಾಸಿಗೆ ಹಿಡಿದಿರೋ, ಮಂಡಿ ನೋವಿಂದ ಮೆಟ್ಟಿಲು ಇಳಿಯೋಕೆ ಆಗದ ಮೂರು ನಾಲ್ಕು ಹಳೇ ಮೆಂಬರ್‌ಗಳು ಇರ್ತಾರೆ, ಕ್ಲಬ್ ಕಟ್ಟಿದವರೇ ಅವರು. ರಾತ್ರಿಯೇ ಅವರ ಪಾಲಿನ ಕದಿರು, ತಂಬಿಟ್ಟು ತೆಗೆದಿಟ್ಟಿರಿ. ಪ್ರೆಸಿಡೆಂಟ್ ಮತ್ತೆ ಸೆಕ್ರೆಟರಿ ಇಬ್ಬರೇ ಹೋಗಿ ಕೊಟ್ಟು, ಹತ್ತು ನಿಮಿಷ ಕೂತು, ರಾತ್ರಿ ಯಾರ್ಯಾರು ಬಂದಿದ್ರು ಯಾರು ಕುಣಿದ್ರು ಅಂತ ಹೇಳಿ ಬನ್ನಿ. ಮಧ್ಯಾಹ್ನದೊಳಗೆ ಮುಟ್ಟಿಸಬೇಕು, ಬಾಳೆಹಣ್ಣು ಹಾಕಿರೋದ್ರಿಂದ ತಂಬಿಟ್ಟು ಅದರಿಂದಾಚೆಗೆ ಹುಳಿ ಬರುತ್ತೆ.